ಎರಡು ಸೈಜು ದೊಡ್ಡದು

ಒಳ ಉಡುಪಿನ ಅಂಗಡಿಯ ಜಯಂತಿ, ಅತ್ತೆಯ ಜೊತೆ ಬಂದಿದ್ದ ಸೊಸೆಯ ಸೊಂಟಕ್ಕೆ ಟೇಪು ಸುತ್ತಿ ನೋಡಿ, “ಮೀಡಿಯಂ ಸಾಕು” ಎಂದಳು.

“ಎರಡು ಸೈಜು ದೊಡ್ಡದು ಕೊಡಮ್ಮ” ಎಂದರು ಪಕ್ಕದಲ್ಲಿದ್ದ ಅತ್ತೆ.

“ಆಂಟಿ, ಇದು ಶೇಪ್‌ವೇರ್. ಬಿಗಿಯಾಗಿದ್ರೇನೇ ಹೊಟ್ಟೆ ಒಳಗೆ ಹೋಗೋದು. ದೊಡ್ಡದು ಹಾಕ್ಕೊಂಡ್ರೆ ಹಾಕದೆ ಇದ್ದ ಹಾಗೇ.”

“ನಾಳೆ ಮಧ್ಯಾಹ್ನದವರೆಗೂ ಕುರ್ಚಿ ಮೇಲೆ ಕೂತಿರಬೇಕು ಇವಳು. ನೆಂಟರನ್ನೆಲ್ಲ ಕರೆದಾಗಿದೆ. ಫೋಟೊದವನು ಬೇರೆ. ಬಿಗಿ ಬೇಡ.”

“ನಿಮ್ಮ ಸೊಸೆಗೆ ಹೊಟ್ಟೇನೇ ಇಲ್ವಲ್ಲ ಆಂಟಿ! ಇದು ಬೇಕಾಗಿರೋದು ನನಗೆ” ಎಂದು ಜಯಂತಿ ತನ್ನ ಹೊಟ್ಟೆ ತಟ್ಟಿಕೊಂಡು ನಕ್ಕಳು.

ಸೊಸೆ ಗೋಡೆಯ ಕನ್ನಡಿಯಲ್ಲಿ ತನ್ನ ಹಿಂದಿದ್ದ ಬಾಗಿಲನ್ನು ನೋಡುತ್ತಿದ್ದಳು.

“ಹೋದ ವಾರ ಆಸ್ಪತ್ರೆಯಲ್ಲಿದ್ದಳು” ಎಂದರು ಅತ್ತೆ. “ಅದಕ್ಕೇ ಇಳಿದುಹೋಗಿದ್ದಾಳೆ.”

ಜಯಂತಿ ದೊಡ್ಡ ಸೈಜನ್ನೇ ತೆಗೆದುಕೊಟ್ಟಳು. ಸೊಸೆ ಅದನ್ನೂ ತನ್ನ ಕೈಚೀಲವನ್ನೂ ಹಿಡಿದುಕೊಂಡು ಟ್ರಯಲ್ ರೂಮಿಗೆ ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಜಯಂತಿ ಪರದೆಯ ಹತ್ತಿರ ಹೋಗಿ ಕೂಗಿದಳು: “ಏನ್ ಮೇಡಂ, ಸಡಿಲ ಆಯ್ತಾ? ನಾನು ಆಗಲೇ ಹೇಳಿದ್ನಲ್ಲ. ಸುಮ್ನೆ ಮೀಡಿಯಂ ತಗೊಳ್ಳಿ, ನಾಳೆ ಸೀರೆ ಉಟ್ರೆ ಹೊಟ್ಟೆ ಕಾಣೋದೇ ಇಲ್ಲ.”

ಅಂಗಡಿಗೆ ಬಂದಮೇಲೆ ಸೊಸೆ ಮೊದಲ ಸಲ ಬಾಯಿಬಿಟ್ಟಳು.

“ಕಾಣಬೇಕು ಅಕ್ಕಾ. ನಾಳೆ ನನ್ನ ಸೀಮಂತ. ಮಗು ಹೋಗಿದ್ದನ್ನ ನೆಂಟರಿಗಿನ್ನೂ ಹೇಳಿಲ್ಲ. ಇದರೊಳಗೆ ದಿಂಬು ನಿಲ್ಲಬೇಕು.”