ಸದ್ದು ಮಾಡದ ಜಾಕೆಟ್

ಐದನೆಯ ಸಂದೇಶ ಓದಿ ಮುಗಿಸುವಷ್ಟರಲ್ಲಿ ರಾಮದಾಸನ ಕಾಫಿ ಆರಿತ್ತು.

"ಶನಿವಾರ ಬೆಳಿಗ್ಗೆ ಏಳು ಗಂಟೆ. ಏಳನೇ ನಂಬರ್ ಬಸ್ಸಿನ ಕೊನೇ ಸ್ಟಾಪ್, ಅದರ ಹಿಂದಿನ ಹಳದಿ ಗೇಟು ದಾಟಿ ಕಾಡಿನೊಳಕ್ಕೆ. ಸೆಂಟು, ಕ್ರೀಮು ಏನೂ ಬೇಡ. ಸದ್ದು ಮಾಡದ ಜಾಕೆಟ್ ಹಾಕಿಕೋ."

ಕಳಿಸಿದವನ ಹೆಸರು ಯೋರಾನ್. ಜಾನಕಿ ಸ್ನಾನಕ್ಕೆ ಹೋಗಿದ್ದಳು. ಫೋನು ಗಂಡನ ಲೋಟದ ಪಕ್ಕದಲ್ಲೇ ಇತ್ತು. ಮೂರು ವಾರದಿಂದ ಅವಳು ಅದನ್ನು ಹೀಗೆ ಎಲ್ಲೆಂದರಲ್ಲಿ ಮರೆಯುತ್ತಿದ್ದಳು.

ರಾಮದಾಸ ಹಳೆಯ ಸಂದೇಶಗಳನ್ನು ಇನ್ನೊಮ್ಮೆ ನೋಡಿದ. "ಅವನ ಕಿವಿ ಬಹಳ ಸೂಕ್ಷ್ಮ. ಪಿಸುಮಾತೂ ಬೇಡ, ಕೈಸನ್ನೆ ಸಾಕು." ಅದರ ಕೆಳಗೆ, "ಅವನಿಗೆ ಅನುಮಾನ ಬಂದರೆ ಎಲ್ಲ ಮುಗಿಯಿತು. ಅವಸರ ಮಾಡಬೇಡ."

'ಅವನು' ಯಾರೆಂದು ರಾಮದಾಸನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸ್ವೀಡನ್ನಿನ ಉಮೆಯೊ ಊರಿನ ಆಫೀಸಿನಲ್ಲಿ ಅವನ ವಿಭಾಗವನ್ನೇ ಮುಚ್ಚಿದ್ದು ಜೂನ್‌ನಲ್ಲಿ. ಈಗ ಫೆಬ್ರವರಿ. ಈ ಎಂಟು ತಿಂಗಳಲ್ಲಿ ಅವನು ಹೋದ ಅತಿ ದೂರದ ಜಾಗವೆಂದರೆ ಕಟ್ಟಡದ ನೆಲಮಾಳಿಗೆಯ ಕಸದ ಕೋಣೆ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಮಗಳು ದಿಶಾ ಕಾರ್ಲ್‌ಸ್ಕ್ರೂನಾದಿಂದ ಫೋನ್ ಮಾಡಿ, "ಅಪ್ಪಾ, ಜಸ್ಟ್ ಟೆನ್ ಮಿನಿಟ್ಸ್, ಪ್ಲೀಸ್" ಎಂದು ಗೋಗರೆದಳು. ಜಾನಕಿ ಬೂಟು ತಂದು ಕಾಲ ಬಳಿ ಇಟ್ಟಳು, ಅತ್ತಳು, ಬೈದಳು. ಸಂಕ್ರಾಂತಿಗೆ ಕನ್ನಡದವರೆಲ್ಲ ಸೇರಿದಾಗಲೂ ಅವನು ಸೋಫಾ ಬಿಟ್ಟು ಏಳಲಿಲ್ಲ. ಆಮೇಲೆ ಅವಳು ಕೇಳುವುದನ್ನೇ ನಿಲ್ಲಿಸಿದಳು. ಅವಳ ಶನಿವಾರಗಳ ತಿರುಗಾಟ ಶುರುವಾದದ್ದು ಆಗಲೇ.

ತಲೆ ಒರೆಸಿಕೊಳ್ಳುತ್ತ ಜಾನಕಿ ಬಂದಳು.

"ಶನಿವಾರ ಎಲ್ಲಿಗೆ?"

"ಸ್ವಲ್ಪ ಕೆಲಸ ಇದೆ ರೀ."

"ಶನಿವಾರನೂ ನಿನ್ನ ಲ್ಯಾಬ್ ಇರುತ್ತಾ?"

"ಲ್ಯಾಬ್ ಕೆಲಸ ಅಂತ ನಾನೆಲ್ಲಿ ಹೇಳ್ದೆ?"

ಒಂದು ಸುಳ್ಳನ್ನಾದರೂ ಹೇಳಬಹುದಿತ್ತು. ಅದಕ್ಕೂ ತಾನು ಲಾಯಕ್ಕಲ್ಲವೇ?

ಶನಿವಾರ ಆರೂಕಾಲಿಗೆ ಅವಳು ಉಣ್ಣೆಯ ಹಳೇ ಜಾಕೆಟ್ ತೊಟ್ಟು ಕಾರು ತೆಗೆದಳು. ಕಾರಿನ ಸದ್ದು ಮರೆಯಾದದ್ದೇ ರಾಮದಾಸ ಬೂಟು ಹುಡುಕಿದ. ಲೇಸು ಬಿಗಿದು ಬಸ್ ಸ್ಟಾಪಿಗೆ ಹೊರಟ. ಹೊರಗೆ ಮೈನಸ್ ಹದಿನಾಲ್ಕು. ಮೊದಲ ಉಸಿರಿಗೇ ಮೂಗಿನೊಳಗೆಲ್ಲ ಚುಚ್ಚಿತು. ಬಸ್ಸಿನಲ್ಲಿ ಡ್ರೈವರ್ ಬಿಟ್ಟರೆ ಅವನೊಬ್ಬನೇ. ಡ್ರೈವರ್ ನಮಸ್ಕಾರ ಹೇಳಿದ. ಉತ್ತರ ಕೊಡಲು ಅವನು ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕಾಯಿತು.

ಕೊನೇ ಸ್ಟಾಪ್. ಹಳದಿ ಗೇಟು. ಹಿಮದ ಮೇಲೆ ಎರಡು ಸಾಲು ಹೆಜ್ಜೆ, ಒಂದು ಚಿಕ್ಕದು, ಒಂದು ದೊಡ್ಡದು, ಅಕ್ಕಪಕ್ಕದಲ್ಲೇ. ರಾಮದಾಸ ಹಲ್ಲು ಕಚ್ಚಿಕೊಂಡು ಅವುಗಳ ಜಾಡು ಹಿಡಿದ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಅಷ್ಟರಲ್ಲಿ ಮರಗಳ ಆಚೆಯಿಂದ ಚೀತ್ಕಾರ ಕೇಳಿತು. ಯಾರದೋ ಕತ್ತು ಹಿಸುಕಿದಂಥ ಕೂಗು. ಜೋಡಿಸಿಕೊಂಡದ್ದೆಲ್ಲ ತಲೆಯಿಂದ ಹಾರಿಹೋಯಿತು. "ಜಾನಕೀ!" ಎಂದು ಕಿರುಚುತ್ತ ಮೊಣಕಾಲುದ್ದ ಹಿಮದಲ್ಲಿ ಬಿದ್ದು ಎದ್ದು ಓಡಿದ.

ಮರದ ಬುಡದಲ್ಲಿ ಮೂರು ಚಾಪೆ ಹಾಸಿದ್ದರು. ಒಂದರ ಮೇಲೆ ಜಾನಕಿ, ಬಾಯಲ್ಲಿ ಮರದ ಪುಟ್ಟ ಪೀಪಿ. ಇನ್ನೊಂದರ ಮೇಲೆ ಎಪ್ಪತ್ತು ದಾಟಿದ, ಬಿಳಿ ಮೇಲಂಗಿಯ ಮುದುಕ. ಅವನ ಪಕ್ಕದಲ್ಲಿ ಬಂದೂಕಿನ ಚೀಲ. ಅದರ ಜಿಪ್ಪು ಬಿಚ್ಚಿರಲಿಲ್ಲ.

ಮುದುಕ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ. "ಗಾಳಿ ನಿಮ್ಮ ಬೆನ್ನಿಗಿತ್ತು. ಅದು ಮೊದಲನೇ ತಪ್ಪು. ಕೂಗಿದ್ದು ಎರಡನೆಯದು. ಸುತ್ತಮುತ್ತಲ ನರಿಗಳೆಲ್ಲ ಈಗ ಫಿನ್ಲೆಂಡ್ ಕಡೆ ಹೊರಟಿರುತ್ತವೆ."

"ನರಿ?"

"ನರೀನೇ ರೀ," ಎಂದಳು ಜಾನಕಿ. "ಗಾಯ ಆದ ಮೊಲದ ಥರ ಊದಿದ್ರೆ ಬರುತ್ತಂತೆ. ಯೋರಾನ್ ಹೇಳಿಕೊಡ್ತಿದ್ದಾರೆ. ಸದ್ಯಕ್ಕೆ ಬರೀ ಕರೆಯೋದು ಮಾತ್ರ."

ಜಿರಲೆ ಕಂಡರೂ ಅವನ ಕೈಗೆ ಪೊರಕೆ ಕೊಟ್ಟು ಓಡಿಹೋಗುತ್ತಿದ್ದವಳು. ರಾಮದಾಸನಿಗೆ ಆ ಸಂದೇಶಗಳೆಲ್ಲ ಒಂದೊಂದಾಗಿ ನೆನಪಾದವು. ಸೂಕ್ಷ್ಮ ಕಿವಿಯ ಆ 'ಅವನು' ನರಿ. ಅನುಮಾನ ಬಂದರೆ ಸುಳಿಯದವನು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಖಾಲಿ ಚಾಪೆಯ ಮೇಲೆ ಕುಸಿದು ಕುಳಿತ. ಹೇಗೆ ಬಂದಿರಿ, ಯಾಕೆ ಬಂದಿರಿ ಎಂದು ಜಾನಕಿ ಕೇಳಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೈಗಿತ್ತಳು.

"ಕಾಲು ಒದ್ದೆ ಆಯ್ತಾ?"

"ಇಲ್ಲ."

ಯೋರಾನ್ ಪಾಠ ಮುಂದುವರಿಸಿದ. ನರಿ ನೇರವಾಗಿ ಬರುವುದಿಲ್ಲ, ಸುತ್ತು ಹಾಕಿ ವಾಸನೆ ಹಿಡಿದು ಬರುತ್ತದೆ. ಅದಕ್ಕೇ ಗಾಳಿ ಯಾವಾಗಲೂ ಮುಖಕ್ಕೆ ಬಡಿಯಬೇಕು. ಒಂದು ನಿಮಿಷ ಊದು, ಹತ್ತು ನಿಮಿಷ ಸುಮ್ಮನಿರು. ಬರಲಿಲ್ಲವೆಂದು ಜಾಸ್ತಿ ಊದಿದರೆ ಕೆಟ್ಟಿತು.

"ಜಿಂಕೆಗೂ ಹೀಗೇನಾ?" ರಾಮದಾಸನ ಬಾಯಿಂದ ತಾನಾಗಿ ಬಂತು.

ಜಾನಕಿ ಪೀಪಿಯನ್ನು ಒರೆಸುತ್ತ ತಲೆ ತಗ್ಗಿಸಿದಳು.

"ಜಿಂಕೆಗೆ ಆಗಸ್ಟ್ ಬರಬೇಕು," ಎಂದ ಯೋರಾನ್. "ಹೆಣ್ಣಿನ ಹಾಗೆ ಮೆಲ್ಲಗೆ ಕುಂಯ್ ಅನ್ನಿಸಿದರೆ ಗಂಡು ಓಡೋಡಿ ಬರುತ್ತದೆ. ಆದರೆ ನೀವು ಅಲುಗಾಡುವ ಹಾಗಿಲ್ಲ. ಕೂರುತ್ತೀರಾ?"

"ಕೂರ್ತೀನಿ."

ಬಿಸಿಲು ಬಂತು. ರಾಮದಾಸ ಎರಡನೇ ಲೋಟ ಕೇಳಿ ಕುಡಿದ. ಪೀಪಿ ಇಸಿದುಕೊಂಡು ತಾನೂ ಊದಿದ. ಕೆಟ್ಟದಾಗಿ ಬಂತು. ಜಾನಕಿ ನಕ್ಕಳು, ಅವನೂ ನಕ್ಕ. ಒಂಬತ್ತರವರೆಗೂ ಕುಳಿತರು. ಒಂದು ಪ್ರಾಣಿಯೂ ಆ ಕಡೆ ತಲೆ ಹಾಕಲಿಲ್ಲ.

ವಾಪಸ್ಸು ಬರುವಾಗ ಚಾಪೆಗಳನ್ನು ಹೆಗಲಿಗೇರಿಸಿಕೊಂಡು ಅವನು ಮುಂದೆ ನಡೆದ. ಮುಂದಿನ ಶನಿವಾರ ಇನ್ನೂ ದಪ್ಪನೆಯ ಕಾಲುಚೀಲ ಬೇಕು ಎಂದು ಯೋಚಿಸುತ್ತಿದ್ದ. ಹಿಂದೆ ಯೋರಾನ್ ದನಿ ತಗ್ಗಿಸಿ ಸ್ವೀಡಿಷ್‌ನಲ್ಲಿ ಕೇಳುತ್ತಿದ್ದ. "ಆರು ವಾರವಾಯಿತು, ಜಾನಕಿ. ಒಂದು ನರಿಯೂ ಬರಲಿಲ್ಲ. ನಿನಗೆ ಬೇಸರವಾಗುವುದಿಲ್ಲವೇ?"

"ನಾನು ಕರೆಯುತ್ತಿದ್ದುದು ನರಿಯನ್ನಲ್ಲ," ಎಂದಳು ಜಾನಕಿ.