ಮಂಗಳವಾರದ ಕಟಿಂಗ್

ಕಟಿಂಗ್ ಶಾಪಿನ ಪೌಡರ್ ವಾಸನೆ ಬಂದರೆ ಸಾಕು, ಹೊಳಲ್ಕೆರೆಯ ನಮ್ಮ ಹಿತ್ತಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಣ್ಣನಿಗೆ ಆಗ ಹನ್ನೆರಡು. ಆಟಿಸಂ ಎಂಬ ಮಾತು ನಮ್ಮೂರಿಗಿನ್ನೂ ಬಂದಿರಲಿಲ್ಲ. ಅವನಿಗೆ ಮಾತಿರಲಿಲ್ಲ, ಊಟ, ಸ್ನಾನ ಎಲ್ಲ ಅವ್ವನ ಕೈಯಲ್ಲೇ. ಕತ್ತರಿ ಕಂಡರೆ ಬೀದಿಯೆಲ್ಲ ಸೇರುವಂತೆ ಚೀರುತ್ತಿದ್ದ. ಅವನು ಮಲಗಿದ್ದಾಗ ಅವ್ವ ಕತ್ತರಿಸಿದರೆ ತಲೆ ಇಲಿ ಕಡಿದ ಬಟ್ಟೆಯಂತಾಗುತ್ತಿತ್ತು.

ಕಟಿಂಗ್ ಶಾಪಿನ ಬಾಷಾ ಸಾಬರು ರಜೆಯ ದಿನ ಮನೆಗೇ ಬಂದರು. ಅಜ್ಜಿ ಬಾಗಿಲಲ್ಲೇ ತಡೆದಳು. "ಮಂಗಳಾರ ಯಾರಾದ್ರೂ ಕೂದ್ಲು ತೆಗೆಸ್ತಾರೇನಪ್ಪ?"

"ಅಂಗ್ಡಿ ರಜಾ ಐತೆ ಅಜ್ಜಿ. ಇವತ್ತಾದ್ರೆ ನಂಗೂ ಅವಸರ ಇಲ್ಲ, ಅವ್ನಿಗೂ ಇಲ್ಲ."

ನನ್ನನ್ನು ಮಣೆಯ ಮೇಲೆ ಕೂರಿಸಿ, ಅಣ್ಣನಿಗೆ ಕಾಣುವಂತೆ ನಿಧಾನವಾಗಿ ಕತ್ತರಿಸತೊಡಗಿದರು. ಮೊನ್ನೆಯಷ್ಟೇ ಕಟಿಂಗ್ ಆಗಿದ್ದ ನನ್ನ ತಲೆ ಬೋಳಾಗುತ್ತ ಬಂತು. ನನಗೆ ಅಳುವೇ ಬಂತು. ಅಣ್ಣ ಕೂತಲ್ಲಿಂದಲೇ ಸರಿದು ಸರಿದು ಹತ್ತಿರ ಬಂದ. ಬಿದ್ದ ಕೂದಲನ್ನು ಬೆರಳಲ್ಲಿ ಉಜ್ಜಿ ನೋಡಿದ. ಆಮೇಲೆ ನನ್ನನ್ನು ಮಣೆಯಿಂದ ನೂಕಿ ತಾನು ಕೂತ.

"ಯಾರೂ ಉಸಿರೆತ್ತಬ್ಯಾಡ್ರಿ," ಎಂದರು ಸಾಬರು.

ಕತ್ತರಿಯ ಸದ್ದೊಂದೇ. ಕೊನೆಗೆ ಕುತ್ತಿಗೆಗೆ ಪೌಡರ್ ಹಚ್ಚಿದಾಗ ಅಣ್ಣ ಕಿಲಕಿಲ ನಕ್ಕ. ಅವ್ವ ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಂಗಳಾರಾನೇ ಒಳ್ಳೇದು ಬಿಡು," ಎಂದಳು ಅಜ್ಜಿ.

ಅಣ್ಣನಿಗೀಗ ನಲವತ್ತು. ಕತ್ತರಿ ನನ್ನ ಕೈಗೆ ಬಂದಿದೆ, ನನ್ನ ತಲೆಯಲ್ಲಿ ಒಂದೆಳೆ ಕೂದಲಿಲ್ಲ. ಆದರೂ ತಿಂಗಳಿಗೊಂದು ಮಂಗಳವಾರ ಮೊದಲು ನಾನೇ ಮಣೆಯ ಮೇಲೆ ಕೂತು, ಬೋಳುತಲೆಯ ಮೇಲೆ ಕತ್ತರಿ ಆಡಿಸಿಕೊಳ್ಳುತ್ತೇನೆ, ಅವನು ಬಂದು ನೂಕುವವರೆಗೆ.