ಎಣಿಸದೆ ಬಿಟ್ಟ ಕುರಿ

ಕೊನೆಯ ಪುಟದಲ್ಲಿ ತೋಳರಾಯ ಸಾಯಬೇಕಿತ್ತು. ವಿಲನ್ ಸಾಯದಿದ್ದರೆ ಕಾಮಿಕ್ಸ್ ಮುಗಿದಂತೆಯೇ ಅಲ್ಲ ಎಂದು ಸೊಲ್ಲಾಪುರದ ಮರಾಠಿ ಮಕ್ಕಳ ಮಾಸಿಕದ ಸಂಪಾದಕರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ರೂಪಾಲಿ ಹನ್ನೊಂದು ಪುಟ ಮುಗಿಸಿ, ಹನ್ನೆರಡನೆಯದಕ್ಕೆ ಕುಂಚವನ್ನು ಕೆಂಪಿನಲ್ಲಿ ಅದ್ದಿ, ಕರಜಗಿಯ ಮನೆಯ ಬೇವಿನ ಮರದ ಕೆಳಗೆ ಕೂತಿದ್ದಳು. ಸಂಜೆ ಐದರ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರದಲ್ಲಿರುವ ಅಪ್ಪನ ಬಳಿ ಹೋಗಿ, ನಾಳೆ ಬೆಳಿಗ್ಗೆ ಪುಟಗಳನ್ನು ಕೊಟ್ಟುಬಿಟ್ಟರೆ ಅವಳ ಹೆಸರು ಮೊದಲ ಸಲ ಅಚ್ಚಾಗುತ್ತದೆ.

ಅಂದು ಕುರಿಗಳ ಉಣ್ಣೆ ಕತ್ತರಿಸುವ ದಿನ. ಅಜ್ಜಿ ಮುಕ್ತಾಬಾಯಿ ಸೀರೆಗೆಲ್ಲ ಉಣ್ಣೆ ಮೆತ್ತಿಸಿಕೊಂಡು ಬಂದು, ಹೊರಸಿನ ಮೇಲೆ ಒಣಗಲು ಹರವಿದ್ದ ಪುಟಗಳ ಮುಂದೆ ನಿಂತಳು. ಅದರಲ್ಲಿದ್ದ ಮರಾಠಿ ಮಾತುಗಳು ಅವಳಿಗೆ ಓದಲು ಬಾರವು. ಕನ್ನಡದಲ್ಲಿದ್ದರೂ ಬರುತ್ತಿರಲಿಲ್ಲ, ಕ್ಯಾಲೆಂಡರಿನ ಅಂಕಿಗಳಷ್ಟೇ ಗೊತ್ತು. ಆದರೆ ಚಿತ್ರಗಳನ್ನು ಅವಳು ಹಿಂಡು ನೋಡಿದ ಹಾಗೆ ನೋಡಿದಳು, ಯಾವುದು ಕುಂಟುತ್ತಿದೆ, ಯಾವುದು ಮೇಯುತ್ತಿಲ್ಲ ಎಂದು.

"ಇಂವ ಭಾಳ ಛಲೋ ಅದಾನ ಬಿಡು," ಎಂದು ಬೆರಳಿಟ್ಟಳು. ಬೆರಳು ತೋಳರಾಯನ ಮೂತಿಯ ಮೇಲಿತ್ತು.

"ಆಯೀ, ಅವ ವಿಲನ್! ಹೀರೋ ಇಂವ, ಕಂಬಳಿವೀರ. ಹೆಗಲ ಮ್ಯಾಲಿನ ಕಂಬಳಿ ಹರವಿದ್ರ ಸಾಕು, ಹಾರ್ತಾನ."

"ಹಾರ್ತಾನ, ಖರೆ. ಆದ್ರ ಕೆಳಗ ಇಷ್ಟು ಕುರಿ ಯಾರ ಮ್ಯಾಲ ಬಿಟ್ಟು ಹಾರ್ಯಾನ? ನಿನ್ನ ಮ್ಯಾಲ?"

ರೂಪಾಲಿ ಪುಟ ನೋಡಿದಳು. ಆಕಾಶ ಬಿಡಿಸುವ ಸಂಭ್ರಮದಲ್ಲಿ ಕುರಿಗಳಿಗೊಂದು ನಾಯಿಯನ್ನು ಕಾವಲಿಡಲೂ ಮರೆತಿದ್ದಳು.

"ಮತ್ತ ಇಲ್ಲಿ ಮೂಲ್ಯಾಗ ಮೂರು ಪಿಳ್ಳಿ ಕುಂತಾವಲ್ಲ, ಇವು ಯಾರವು?"

"ತೋಳರಾಯನ ಮರಿ. ಮೂಲಿ ಖಾಲಿ ಇತ್ತು, ಅದಕ್ಕ ಚಿತ್ರ ತಗದೆ."

"ಖಾಲಿ ಇತ್ತಂತ ಅವಗ ಮಕ್ಕಳನ್ನ ಕೊಟ್ಟಿ. ಈಗ ಅಪ್ಪನ್ನ ಕೊಲ್ಲಾಕ ಹೊಂಟೀ."

ಅಷ್ಟರಲ್ಲಿ ದೊಡ್ಡಪ್ಪ ರೇವಣ್ಣ ಕತ್ತರಿ ಒರೆಸುತ್ತ ಬಂದ. "ಕೊಲ್ಲಲಿ ಬಿಡವ್ವ. ಹ್ವಾದ ತಿಂಗಳು ನನ್ನ ಕರಿ ಕಿವಿ ಮರಿ ಒಯ್ತಲ್ಲ ತೋಳ, ಅದರ ತಾಯಿ ಮೂರು ದಿನ ಒದರಿತ್ತು. ಆವಾಗ ನೀನೂ ಉಂಡಿಲ್ಲ."

ಮುಕ್ತಾಬಾಯಿ ಬಾಗಿ ಮೊದಲ ಪುಟ ನೋಡಿದಳು. ಅದರಲ್ಲಿ ಕಂಬಳಿವೀರ ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿ ಎಣಿಸುತ್ತಿದ್ದ. ಒಂದೊಂದು ಕುರಿಯ ತಲೆಯ ಮೇಲೂ ರೂಪಾಲಿ ಅಂದವಾಗಿ ಅಂಕಿ ಬರೆದಿದ್ದಳು, ಒಂದರಿಂದ ನಲವತ್ತರ ತನಕ.

"ತಪ್ಪಿದ್ದು ಇಲ್ಲೇ ನೋಡು. ಕಡೀ ಕುರಿಗೂ ಅಂಕಿ ಹಾಕೀ. ನಿಮ್ಮಜ್ಜ ಎಂದಾರ ಕಡೀದು ಎಣಿಸಿದ್ನ? ಅದು ತಮ್ಮನ ಪಾಲು."

ರೂಪಾಲಿ ನಾಲಿಗೆ ಕಚ್ಚಿಕೊಂಡಳು. ಇದೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಸಲ ಕೇಳಿದ ಕಥೆ! ಕುರುಬ ಮತ್ತು ತೋಳ ಒಂದಾನೊಂದು ಕಾಲದ ಅಣ್ಣತಮ್ಮಂದಿರು. ಪಾಲಾದಾಗ ಅಣ್ಣನಿಗೆ ಕುರಿ ಬಂತು, ತಮ್ಮನಿಗೆ ಹಸಿವು ಬಂತು. ಅದಕ್ಕೇ ಸಂಜೆ ಹಿಂಡು ಒಳಗೆ ಬರುವಾಗ ಕಡೆಯ ಕುರಿಯನ್ನು ಎಣಿಸುವುದಿಲ್ಲ, ಅದು ತಮ್ಮನದು. ಆದರೆ ಅವಳ ಕಂಬಳಿವೀರ ತಮ್ಮನ ಪಾಲನ್ನೂ ತನ್ನದೆಂದು ಎಣಿಸಿಕೊಂಡು, ಒಯ್ದವನ ಬೆನ್ನು ಹತ್ತಿ ಪುಟಗಟ್ಟಲೆ ಹಾರಿದ್ದ.

"ತಮ್ಮ ಅಂತ ತಮ್ಮ! ಅವನ ಹಲ್ಲು ನೋಡಿಯೇನು?" ಎಂದ ರೇವಣ್ಣ.

"ತಮ್ಮ ಅಂದ್ನಿ. ಒಳ್ಳೆಯವ ಅಂತ ನಾ ಅಂದ್ನೇನು? ನಿನ್ನ ತಮ್ಮ ನಿನ್ನ ಮೋಟರ್‌ಸೈಕಲ್ ಸೊಲ್ಲಾಪುರಕ್ಕ ಒಯ್ದು ಎರಡು ತಿಂಗಳಾತು. ಕಂಬಳಿ ಹರವಿ ಹಾರಿದಿ ಏನು ಅವನ ಮ್ಯಾಲ?"

"ಆಯೀ! ನಮ್ಮಪ್ಪಗ ತೋಳ ಅಂತೀ!" ರೂಪಾಲಿ ನಕ್ಕ ರಭಸಕ್ಕೆ ಕುಂಚದ ಕೆಂಪು ಹಾರಿ ಕಂಬಳಿವೀರನ ಮೂಗಿನ ಮೇಲೆ ಬಿತ್ತು.

"ಈಗ ಸ್ವಲ್ಪ ಮನಷ್ಯಾ ಕಂಡಂಗ ಕಾಣಸ್ತಾನ," ಎಂದಳು ಮುಕ್ತಾಬಾಯಿ.

ರೇವಣ್ಣ ನಗಲಿಲ್ಲ. "ಪೆಟ್ರೋಲ್ ಸೈತ ನಾನೇ ತುಂಬಿಸಿ ಕೊಟ್ಟಿದ್ದೆ," ಎಂದು ಗೊಣಗುತ್ತ ಕುರಿಗಳನ್ನು ದೊಡ್ಡಿಗೆ ಹೊಡೆಯಲು ಹೋದ.

ರೂಪಾಲಿ ಕುಂಚ ತೊಳೆದಳು. ಕೆಂಪೆಲ್ಲ ನೀರಿಗೆ ಹೋಯಿತು. "ವಿಲನ್ ಸಾಯ್ಲಿಲ್ಲಂದ್ರ ಅವ್ರು ಛಾಪಸಂಗಿಲ್ಲ, ಆಯಿ."

"ಛಾಪಸದಿದ್ರ ತಿರುಗಿ ತಂದು ನನಗ ಕೊಡು. ಗ್ವಾಡಿಗೆ ಹಚ್ಚತೀನಿ."

ರೂಪಾಲಿ ಮೊದಲ ಪುಟದಲ್ಲಿ ಕಡೆಯ ಕುರಿಯ ನಲವತ್ತರ ಮೇಲೆ ಬಿಳಿ ಬಣ್ಣ ಬಳಿದಳು. ಹನ್ನೆರಡನೆಯ ಪುಟದಲ್ಲಿ ಕಂಬಳಿವೀರ ಹಾರುವುದನ್ನು ಬಿಟ್ಟು ದೊಡ್ಡಿಯ ಬಾಗಿಲಿಗೆ ಬಂದು ನಿಂತ. ಕಡೆಯ ಕುರಿಯ ಮುಂದೆ ಅವನ ಬಾಯಿ ಮುಚ್ಚಿತ್ತು. ಬೇಲಿಯ ಆಚೆ, ಒಂದು ದೊಡ್ಡದು ಮೂರು ಸಣ್ಣವು, ನಾಲ್ಕು ಜೊತೆ ಚೂಪು ಕಿವಿಗಳು.

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಒದ್ದೆ ಪುಟವನ್ನು ಗಾಳಿಗೆ ಹಿಡಿದು ಓಡಿದವಳು ದೊಡ್ಡಿಯ ಹತ್ತಿರ ನಿಂತುಬಿಟ್ಟಳು. ಬೋಳು ಮೈಯ ಕುರಿಗಳನ್ನು ರೇವಣ್ಣ ಬೆರಳು ಮಾಡಿ ಒಳಗೆ ಬಿಡುತ್ತಿದ್ದ. "ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು..." ಇನ್ನೊಂದು ಹಿಂದೆ ಉಳಿದಿತ್ತು. ಅದು ಕುಪ್ಪಳಿಸುತ್ತ ಬಂತು. ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತು. ರೇವಣ್ಣ ಆಚೀಚೆ ನೋಡಿ, ಬೆರಳು ಮಡಚಿ, ಸುಮ್ಮನೆ ಅದನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ. ತಿರುಗಿದರೆ ರೂಪಾಲಿ.

"ಏನ್ ನೋಡಾಕತ್ತೀ? ಓಡು, ಬಸ್ ಹೋಗ್ತೈತಿ!" ಎಂದು ಗದರಿದ.

ಅವಳು ನಾಲ್ಕು ಹೆಜ್ಜೆ ಓಡಿರಬೇಕು, ಹಿಂದಿನಿಂದ ಅವನ ದನಿ ಬಂತು. "ಏ ರೂಪಾ, ನಿಮ್ಮಪ್ಪಗ ಹೇಳು. ಗಾಡಿ ಇನ್ನೊಂದು ತಿಂಗಳು ಇಟ್ಕೋ ಅಂತ."